ಜಾಣ ಮಗುವಿಗೆ ಅಕ್ಷರ ಒಲಿಯದಿದ್ದಾಗ

ಶಾಲೆ ಶುರುವಾಗಿ ಎರಡು ಮೂರು ತಿಂಗಳಾಗಿ, ಮೊದಲ ಕಿರುಪರೀಕ್ಷೆಯ ಅಂಕಗಳು ಮನೆಗೆ ಬರುತ್ತಿದ್ದಂತೆ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಒಂದು ಬಗೆಯ ರೋಗಿಗಳು ಹೆಚ್ಚಾಗಿ ಬರತೊಡಗುತ್ತಾರೆ. ವಯಸ್ಸು ಎಂಟರಿಂದ ಹನ್ನೆರಡು. ಜ್ವರವಿಲ್ಲ, ಕೆಮ್ಮಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಕೆಲವರಿಗೆ ತಲೆನೋವು, ಇನ್ನು ಕೆಲವರಿಗೆ ವಾಂತಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮಾಯ. ಹೊಟ್ಟೆ ಮುಟ್ಟಿ ನೋಡಿದರೆ ಏನೂ ಇರುವುದಿಲ್ಲ. ಔಷಧಿ ಚೀಟಿ ಬರೆಯುವ ಹೊತ್ತಿಗೆ ತಾಯಿ ನಿಜವಾದ ವಿಷಯಕ್ಕೆ ಬರುತ್ತಾರೆ: “ಓದಿದ್ದೊಂದೂ ಇವನ ತಲೇಲಿ ನಿಲ್ಲಕಿಲ್ಲ ಸಾ, ಜ್ಞಾಪಕಶಕ್ತಿಗೆ ಒಂದು ಒಳ್ಳೆ ಟಾನಿಕ್ ಬರ್ಕೊಡಿ.”

ಈ ಟಾನಿಕ್ಕಿನ ಬೇಡಿಕೆ ನಂಜನಗೂಡಿನ ಕಡೆಯೂ ಇದೆ, ಟಿ. ನರಸೀಪುರದ ಕಡೆಯೂ ಇದೆ. ಔಷಧಿ ಅಂಗಡಿಯಲ್ಲಿ ಬಣ್ಣಬಣ್ಣದ ಸೀಸೆಗಳಲ್ಲಿ ಅದು ಸಿಗುತ್ತದೆ ಕೂಡ. ಆದರೆ ಬರೆದುಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿದರೆ ಕೆಲವು ಮಕ್ಕಳಲ್ಲಿ ಬೇರೆಯೇ ಸಂಗತಿ ಹೊರಬೀಳುತ್ತದೆ. ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನೇ ನೋಡಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳ ಪೈಕಿ ಯಾವುದರ ಹಿಂದೆ ಯಾವುದು ಬಂತು, ಯಾವುದು ಎಲ್ಲಿ ನಿಂತಿತು ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲ. ಅಪ್ಪನ ತರಕಾರಿ ಅಂಗಡಿಯಲ್ಲಿ ಕುಳಿತು ಚಿಲ್ಲರೆ ಲೆಕ್ಕ ತಪ್ಪಿಲ್ಲದೆ ಕೊಡಬಲ್ಲ. ಎರಡನೇ ತರಗತಿಯ ಪುಸ್ತಕ ಕೊಟ್ಟು ಓದು ಎಂದರೆ ಮಾತ್ರ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸುತ್ತಾನೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಲ್ಲಿ ಏನಿತ್ತೆಂಬುದೇ ಮರೆತಿರುತ್ತದೆ. ಅದೇ ಪಾಠವನ್ನು ನಾವು ಓದಿ ಹೇಳಿ ಪ್ರಶ್ನೆ ಕೇಳಿದರೆ ಎಲ್ಲಕ್ಕೂ ಸರಿಯುತ್ತರ!

ಇಂಥ ಮಗುವಿನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ಬುದ್ಧಿಗೂ ಏನೂ ಆಗಿಲ್ಲ. ತೊಂದರೆ ಇರುವುದು ಅಕ್ಷರವನ್ನು ಕಂಡು ಅದನ್ನು ಧ್ವನಿಯಾಗಿ ಮಾರ್ಪಡಿಸುವ ಕೆಲಸದಲ್ಲಿ. ಇದನ್ನೇ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಸರ್ಕಾರಿ ಕಾಗದಪತ್ರಗಳಲ್ಲಿ ಇದು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ದೊಡ್ಡ ಗುಂಪಿನಲ್ಲಿ ಸೇರುತ್ತದೆ. ಬರವಣಿಗೆಯ ತೊಂದರೆ, ಲೆಕ್ಕದ ತೊಂದರೆಗಳೂ ಆ ಗುಂಪಿನಲ್ಲಿವೆ. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಇರುತ್ತದೆ ಎಂಬುದು ತಜ್ಞರ ಸಾಮಾನ್ಯ ಅಂದಾಜು. ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಾದರೂ ಇದ್ದೇ ಇರುತ್ತಾರೆ. ಬಹುತೇಕ ಕಡೆ ಅವರು ಹಿಂದಿನ ಬೆಂಚಿನಲ್ಲಿರುತ್ತಾರೆ.

ಹೊಸ ಕಾಯಿಲೆಯಲ್ಲ

“ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎನ್ನುವ ಹಿರಿಯರಿದ್ದಾರೆ. ಇತ್ತು, ಹೆಸರಿರಲಿಲ್ಲ ಅಷ್ಟೆ. ಡಿಸ್ಲೆಕ್ಸಿಯಾ ಎಂಬ ಪದವನ್ನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲಿ ಬಳಸಿದರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಷಯ ಬರೆದರು. ಆಟದಲ್ಲಿ ಚುರುಕು, ಲೆಕ್ಕದಲ್ಲಿ ಜಾಣ. ಆದರೆ ತನ್ನ ಹೆಸರನ್ನೇ ತಪ್ಪಿಲ್ಲದೆ ಬರೆಯಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬನಿಲ್ಲ ಎಂದು ಅವನ ಮೇಷ್ಟ್ರು ಅಭಿಪ್ರಾಯಪಟ್ಟಿದ್ದರಂತೆ. ನೂರಮೂವತ್ತು ವರ್ಷಗಳ ಹಿಂದಿನ ಆ ಹುಡುಗನಿಗೂ ನಮ್ಮ ತರಕಾರಿ ಅಂಗಡಿಯ ಹುಡುಗನಿಗೂ ಏನು ವ್ಯತ್ಯಾಸ?

ಮಾತು ಮಗುವಿಗೆ ಕೇಳಿಕೇಳಿಯೇ ಬಂದುಬಿಡುತ್ತದೆ, ಯಾರೂ ಕೂರಿಸಿ ಕಲಿಸಬೇಕಿಲ್ಲ. ಓದು ಹಾಗಲ್ಲ. ಮನುಷ್ಯ ಬರೆಯಲು ಕಲಿತು ಐದು ಸಾವಿರ ವರ್ಷಗಳಾಗಿವೆ, ಅಷ್ಟೆ. ಓದಿಗೆಂದೇ ಮೀಸಲಾದ ಜಾಗ ಮಿದುಳಿನಲ್ಲಿ ಹುಟ್ಟಿನಿಂದ ಇರುವುದಿಲ್ಲ. ನೋಡುವ ಭಾಗ, ಮಾತಿನ ಧ್ವನಿಗಳನ್ನು ಬಿಡಿಸುವ ಭಾಗ, ಅರ್ಥ ಹಿಡಿಯುವ ಭಾಗ, ಇವುಗಳ ನಡುವೆ ಅಭ್ಯಾಸದಿಂದ ಒಂದು ದಾರಿ ಬೀಳುತ್ತದೆ. ಬಹುತೇಕ ಮಂದಿಯಲ್ಲಿ ಈ ಜಾಲ ಎಡಮಿದುಳಿನಲ್ಲಿದೆ. ಡಿಸ್ಲೆಕ್ಸಿಯಾ ಇರುವವರು ಓದುವಾಗ ಈ ಭಾಗಗಳು ಉಳಿದವರಲ್ಲಿ ಚುರುಕಾಗುವಷ್ಟು ಚುರುಕಾಗುವುದಿಲ್ಲ ಎಂಬುದು ಮಿದುಳಿನ ಸ್ಕ್ಯಾನ್ ಪರೀಕ್ಷೆಗಳಿಂದ ಕಂಡುಬಂದಿದೆ. ದಾರಿ ಬೀಳುವುದೇ ಇಲ್ಲವೆಂದಲ್ಲ, ನಿಧಾನವಾಗಿ, ಹೆಚ್ಚು ಅಭ್ಯಾಸದಿಂದ ಬೀಳುತ್ತದೆ. (ಹಾಗೆಂದು ಪ್ರತಿ ಮಗುವಿಗೂ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ಡಿಸ್ಲೆಕ್ಸಿಯಾ ಪತ್ತೆಗೆ ಸ್ಕ್ಯಾನ್ ಬೇಡ, ರಕ್ತಪರೀಕ್ಷೆಯೂ ಇಲ್ಲ.)

ಇದು ವಂಶದಲ್ಲಿ ಹರಿದುಬರುವ ಗುಣವೂ ಹೌದು. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಕಂಡುಬರುವ ಸಂಭವ ಉಳಿದವರಿಗಿಂತ ಎಷ್ಟೋ ಹೆಚ್ಚು. ಮಗನನ್ನು ಬೈಯುತ್ತಾ ಕರೆತಂದ ತಂದೆಯನ್ನು “ನೀವು ಎಲ್ಲಿಯವರೆಗೆ ಓದಿದಿರಿ?” ಎಂದು ಕೇಳಿದರೆ ಒಮ್ಮೊಮ್ಮೆ ಉತ್ತರ ಬರಲು ತಡವಾಗುತ್ತದೆ. ಏಳನೇ ತರಗತಿಗೇ ಬಿಟ್ಟ ಅವರು ಇವತ್ತು ಲಾರಿಯ ಇಡೀ ಎಂಜಿನ್ ಬಿಚ್ಚಿ ಜೋಡಿಸಬಲ್ಲರು.

ಕನ್ನಡದಲ್ಲಿ ಇದರ ಚಹರೆ ಬೇರೆ

2007ರಲ್ಲಿ ಆಮೀರ್ ಖಾನ್ ಅವರ ‘ತಾರೇ ಜಮೀನ್ ಪರ್’ ಚಿತ್ರ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಮಾತು ಮನೆಮನೆಗೂ ತಲುಪಿತು. ಅದು ಒಳ್ಳೆಯದೇ ಆಯಿತು. ಆದರೆ ಜೊತೆಗೆ ಎರಡು ತಪ್ಪು ಕಲ್ಪನೆಗಳೂ ಬಂದವು. ಒಂದು, ಇಂಥ ಮಕ್ಕಳೆಲ್ಲ ದೊಡ್ಡ ಚಿತ್ರಕಾರರಾಗಿರುತ್ತಾರೆ ಎಂಬುದು. ಕೆಲವರು ಇರಬಹುದು. ಬಹಳಷ್ಟು ಮಂದಿ ನಮ್ಮ ನಿಮ್ಮ ಹಾಗೆ ಸಾಧಾರಣರು. ಯಾವ ಪ್ರತಿಭೆ ಇಲ್ಲದಿದ್ದರೂ ಓದು ಕಲಿಯುವ ಹಕ್ಕು ಅವರಿಗಿದೆ. ಇನ್ನೊಂದು, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದೇ ಇದರ ಗುರುತು ಎಂಬುದು. ಇಂಗ್ಲಿಷಿನ ‘ಬಿ’ ಮತ್ತು ‘ಡಿ’ಗಳನ್ನು ಅದಲುಬದಲು ಮಾಡುವುದು ಆರೇಳು ವರ್ಷದವರೆಗೆ ಎಲ್ಲ ಮಕ್ಕಳಲ್ಲೂ ಸಹಜ. ದುಂಡಗಿನ ಕನ್ನಡ ಅಕ್ಷರಗಳಲ್ಲಂತೂ ಈ ಗುರುತನ್ನು ಹುಡುಕುತ್ತಾ ಕುಳಿತರೆ ನಿಜವಾದ ತೊಂದರೆ ಕಣ್ಣು ತಪ್ಪಿಹೋಗುತ್ತದೆ.

ಕನ್ನಡ, ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ. ಆದ್ದರಿಂದ ಕನ್ನಡದ ಮಕ್ಕಳಿಗೆ ಡಿಸ್ಲೆಕ್ಸಿಯಾದ ಕಾಟವಿಲ್ಲ ಎಂದುಕೊಳ್ಳುವವರಿದ್ದಾರೆ. ಇದು ಅರ್ಧ ನಿಜ. ಇಂಗ್ಲಿಷಿನಲ್ಲಿ ‘ಬಟ್’ ಎನ್ನುವಲ್ಲಿ ಒಂದು ಉಚ್ಚಾರ, ‘ಪುಟ್’ ಎನ್ನುವಲ್ಲಿ ಇನ್ನೊಂದು, ನಡುವಿನ ಅಕ್ಷರ ಮಾತ್ರ ಒಂದೇ. ಕನ್ನಡದಲ್ಲಿ ಈ ಗೋಜಿಲ್ಲ. ಆದರೆ ಇಂಗ್ಲಿಷಿಗೆ ಇಪ್ಪತ್ತಾರೇ ಅಕ್ಷರ. ನಮಗೆ ವರ್ಣಮಾಲೆಯಲ್ಲೇ ನಲವತ್ತೊಂಬತ್ತು. ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಐನೂರಕ್ಕೂ ಮೇಲಾಗುತ್ತದೆ. ಅದರ ಮೇಲೆ ಒತ್ತಕ್ಷರಗಳು. ರ ಮತ್ತು ಠ, ದ ಮತ್ತು ಧ, ಥ, ಪ ಮತ್ತು ಷ, ಮ ಮತ್ತು ವ: ಇವುಗಳ ನಡುವಿನ ವ್ಯತ್ಯಾಸ ಒಂದು ಚುಕ್ಕೆ, ಒಂದು ಸೀಳು, ಒಂದು ಕೊಂಬು. ಇನ್ನು ‘ಸೂರ್ಯ’ ಎಂಬ ಪದ ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಕಿವಿ ಒಂದು ಕ್ರಮ ಹೇಳುತ್ತದೆ, ಕಣ್ಣು ಇನ್ನೊಂದು. ನಮಗೆ ಅಭ್ಯಾಸವಾಗಿ ಇದು ಗೊತ್ತೇ ಆಗುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗು ಮುಗ್ಗರಿಸುವುದು ಇಲ್ಲಿಯೇ.

ಕನ್ನಡದ ಓದಿನ ಮೇಲೆ ಅಧ್ಯಯನಗಳು ನಡೆದಿರುವುದು ಹೆಚ್ಚಾಗಿ ನಮ್ಮ ಮೈಸೂರು, ಬೆಂಗಳೂರುಗಳಲ್ಲೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಪ್ರತಿಭಾ ಕಾರಂತ್, ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗದಲ್ಲಿದ್ದ ಪ್ರಕಾಶ್ ಪದಕಣ್ಣಾಯ, ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಮುಂತಾದವರು ಈ ಬಗ್ಗೆ ಕೆಲಸ ಮಾಡಿದ್ದಾರೆ. ಕನ್ನಡದ ಮಕ್ಕಳು ಅಕ್ಷರಗಳನ್ನೆಲ್ಲ ಕರಗತ ಮಾಡಿಕೊಳ್ಳಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂಬುದು 2007ರಲ್ಲಿ ಸೋನಾಲಿ ನಾಗ್ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂತು. ಆದ್ದರಿಂದ ಒಂದನೇ ತರಗತಿಯ ಮಗುವಿಗೆ ಒತ್ತಕ್ಷರ ಬರಲಿಲ್ಲವೆಂದು ಯಾರೂ ಗಾಬರಿಯಾಗಬೇಕಿಲ್ಲ. ಮೂರನೇ ತರಗತಿ ಮುಗಿಯುತ್ತಾ ಬಂದರೂ ಸರಳ ಪದಗಳನ್ನು ಕೂಡಿಸಿಕೂಡಿಸಿ ಓದುತ್ತಿದ್ದರೆ, ‘ಕಿ’ಗೆ ‘ಕೆ’, ‘ಕೊ’ಗೆ ‘ಕು’ ಎನ್ನುತ್ತಿದ್ದರೆ, ಒತ್ತನ್ನು ನುಂಗುತ್ತಿದ್ದರೆ, ಮೊದಲಕ್ಷರ ನೋಡಿ ಉಳಿದದ್ದನ್ನು ಊಹೆಯಿಂದ ಹೇಳುತ್ತಿದ್ದರೆ, ನಿನ್ನೆ ಸರಿಯಾಗಿ ಬರೆದ ಪದವನ್ನು ಇವತ್ತು ಮೂರು ಬಗೆಯಲ್ಲಿ ತಪ್ಪು ಬರೆದರೆ, ಆಗ ಯೋಚಿಸಬೇಕು. ಕನ್ನಡದಲ್ಲಿ ಇದರ ಮುಖ್ಯ ಲಕ್ಷಣ ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನ.

ಎಷ್ಟೋ ಮಕ್ಕಳು ಕನ್ನಡದಲ್ಲಿ ಹೇಗೋ ತೆವಳಿಕೊಂಡು ಬಂದು, ಇಂಗ್ಲಿಷ್ ಶುರುವಾದ ಮೇಲೆ ಸಿಕ್ಕಿಬೀಳುತ್ತಾರೆ. ಈಗ ಹಳ್ಳಿಹಳ್ಳಿಗೂ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಬರುತ್ತದೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ, ಓದಿನ ತೊಂದರೆಯೂ ಇರುವ ಮಗುವನ್ನು ಮೂರನೇ ವರ್ಷಕ್ಕೇ ಅದಕ್ಕೆ ಹತ್ತಿಸುವುದು ಅದರ ಬೆನ್ನಿನ ಮೇಲೆ ಎರಡು ಮೂಟೆ ಹೇರಿದಂತೆ. ಮೊದಲ ಓದು ಮನೆಮಾತಿನಲ್ಲೇ ಆಗಲಿ ಎಂಬುದು ನನ್ನ ಸಲಹೆ. ಆದರೆ ಈಗಾಗಲೇ ಐದನೇ ತರಗತಿಯಲ್ಲಿರುವ ಮಗುವನ್ನು ವರ್ಷದ ನಡುವೆ ಕಿತ್ತು ಬೇರೆ ಶಾಲೆಗೆ ಹಾಕುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೊದಲು ನೋಡಬೇಕಾದ್ದು

ಓದಲು ಬಾರದ ಮಕ್ಕಳೆಲ್ಲರಿಗೂ ಡಿಸ್ಲೆಕ್ಸಿಯಾ ಇರುವುದಿಲ್ಲ. ವೈದ್ಯರ ಕೆಲಸ ಇಲ್ಲಿಂದ ಶುರುವಾಗಬೇಕು. ಕಪ್ಪುಹಲಗೆ ಕಾಣದ ಮಗು ಓದುವುದೆಂತು? ಮೊದಲು ಕಣ್ಣು ತೋರಿಸಿ. ನಮ್ಮ ಕಡೆ ಕಿವಿ ಸೋರುವ ಮಕ್ಕಳು ಬಹಳ. “ಅದು ಹಾಗೇ, ವಯಸ್ಸಿಗೆ ಬಂದರೆ ನಿಲ್ಲುತ್ತೆ” ಎಂದು ಬಿಟ್ಟಿರುತ್ತಾರೆ. ಅರ್ಧಂಬರ್ಧ ಕೇಳುವ ಮಗುವಿಗೆ ತ ಮತ್ತು ದ ಬೇರೆಬೇರೆ ಎಂದು ತಿಳಿಯುವುದಾದರೂ ಹೇಗೆ? ರಕ್ತಹೀನತೆ ಮತ್ತು ಜಂತುಹುಳು ಇದ್ದರೆ ಮಗು ಮಂಕಾಗುತ್ತದೆ. ಪಾಠದ ನಡುವೆ ಕೆಲವು ಸೆಕೆಂಡು ದೃಷ್ಟಿ ನಿಂತು, ಕರೆದರೂ ಓಗೊಡದೆ, ಮತ್ತೆ ಏನೂ ಆಗದಂತೆ ಮುಂದುವರಿಯುವ ಮಗುವಿಗೆ ಮೂರ್ಛೆರೋಗದ ಒಂದು ಬಗೆ ಇರಬಹುದು. ಅದಕ್ಕೆ ಒಳ್ಳೆಯ ಔಷಧಿಗಳಿವೆ. ಸುಗ್ಗಿಗೆಂದೋ ಕೂಲಿಗೆಂದೋ ತಂದೆತಾಯಿಯ ಜೊತೆ ಊರೂರು ತಿರುಗಿ ವರ್ಷದಲ್ಲಿ ಮೂರು ತಿಂಗಳು ಶಾಲೆ ತಪ್ಪಿಸಿದ ಮಗುವಿಗೆ ಬೇಕಾದ್ದು ಪಾಠ, ರೋಗದ ಹೆಸರಲ್ಲ.

ಇನ್ನೊಂದು ಮಾತನ್ನು ವಿಶೇಷವಾಗಿ ನಮ್ಮ ಭಾಗದ ಉಪಾಧ್ಯಾಯರಿಗೆ ಹೇಳಬೇಕು. ಇಲ್ಲಿನ ಆಡುಮಾತಿನಲ್ಲಿ ಹಸು ‘ಅಸು’, ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಮಹಾಪ್ರಾಣವಂತೂ ನಾಲಿಗೆಗೆ ಹತ್ತುವುದೇ ಇಲ್ಲ. ‘ಅಸು ಆಲು ಕೊಡುತ್ತದೆ’ ಎಂದು ಬರೆದ ಮಗು ತನ್ನ ಕಿವಿಗೆ ಬಿದ್ದಂತೆ ಸರಿಯಾಗಿಯೇ ಬರೆದಿದೆ! ಅಂದರೆ ಧ್ವನಿಯನ್ನು ಅಕ್ಷರಕ್ಕಿಳಿಸುವ ಕೆಲಸ ಅದಕ್ಕೆ ಚೆನ್ನಾಗಿಯೇ ಬರುತ್ತದೆ. ಇದು ಡಿಸ್ಲೆಕ್ಸಿಯಾ ಅಲ್ಲ, ನಗುವ ವಿಷಯವೂ ಅಲ್ಲ. ಪುಸ್ತಕದ ಮಾತನ್ನು ಹೆಚ್ಚು ಕೇಳಿಸಿದರೆ ಸರಿಹೋಗುತ್ತದೆ. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವ ಮಕ್ಕಳಿಗೂ, ಕಾಡಂಚಿನ ಹಾಡಿಗಳಿಂದ ಬರುವ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಅದೇ, ‘ಹಸು’ವಿಗೆ ಒಮ್ಮೆ ‘ಹುಸ’, ಮತ್ತೊಮ್ಮೆ ‘ಸಹು’, ಇನ್ನೊಮ್ಮೆ ‘ಹಸ’ ಎಂದು ಬರೆಯುವ ಮಗುವಿನ ಕಡೆ ಗಮನ ಕೊಡಿ.

ತರಗತಿಯಲ್ಲಿ ಏನು ಮಾಡಬಹುದು?

ಡಿಸ್ಲೆಕ್ಸಿಯಾಕ್ಕೆ ಮಾತ್ರೆಯಿಲ್ಲ. ಕಲಿಸುವ ಕ್ರಮವೇ ಔಷಧಿ. 1920ರ ದಶಕದಿಂದ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು, ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ರೂಪಿಸಿದ ಪದ್ಧತಿಯ ತಿರುಳು ಇಷ್ಟೆ: ಧ್ವನಿ ಮತ್ತು ಅಕ್ಷರದ ನಂಟನ್ನು ಒಂದೊಂದಾಗಿ, ಕ್ರಮವಾಗಿ, ಬಿಡಿಸಿ ಹೇಳಿಕೊಡಬೇಕು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ಹಿಂದಿನದು ಗಟ್ಟಿಯಾದ ಮೇಲೆ ಮುಂದಿನದು. ಇದನ್ನು ಕೇಳಿದಾಗ ನನಗೆ ನಮ್ಮ ಹಿಂದಿನ ಕೂಲಿಮಠಗಳ ನೆನಪಾಗುತ್ತದೆ. ಮರಳ ಮೇಲೆ ಬೆರಳಿನಿಂದ ತಿದ್ದುತ್ತಾ, ಗಟ್ಟಿಯಾಗಿ ಹೇಳುತ್ತಾ ಅಕ್ಷರ ಕಲಿಯುತ್ತಿದ್ದರಲ್ಲ, ಅದೇ ಇದು. ಅಲ್ಲಿದ್ದ ಕೋಲೊಂದನ್ನು ಮಾತ್ರ ಅಲ್ಲೇ ಬಿಟ್ಟುಬಿಡೋಣ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇಲ್ಲೇ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದದ್ದು. ಅದರಲ್ಲಿ ಅ, ಆ, ಇ, ಈ ಎಂಬ ಸಾಲಿನ ಬದಲು ರ, ಗ, ಸ, ದ, ಅ ಎಂದು ಶುರುಮಾಡಿ, ಕಲಿತ ಅಕ್ಷರಗಳಿಂದಲೇ ಬೇಗ ಪದ ಕಟ್ಟಲು ಬಿಡುತ್ತಾರೆ. ಮಗು ತನ್ನ ಮೆಟ್ಟಿಲಲ್ಲಿ ತನ್ನ ವೇಗದಲ್ಲಿ ಏರಬಹುದು. ನಿಧಾನ ಕಲಿಯುವವರಿಗೆ ಇದು ಅನುಕೂಲವೇ. ತೊಡಕು ಬರುವುದು ನಾಲ್ಕನೇ ತರಗತಿಯಲ್ಲಿ. ಅಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಒತ್ತಕ್ಷರ ಇನ್ನೂ ಗಟ್ಟಿಯಾಗದ ಮಗು ಅಲ್ಲಿಂದ ಹಿಂದುಳಿಯತೊಡಗುತ್ತದೆ. ಆದ್ದರಿಂದ ನಾಲ್ಕನೇ ತರಗತಿಯ ಮೇಷ್ಟ್ರಿಗೆ ನನ್ನ ವಿನಂತಿ: ಜೂನ್ ತಿಂಗಳಲ್ಲೇ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಎರಡನೇ ತರಗತಿಯ ಪುಸ್ತಕದ ಒಂದು ಪುಟ ಓದಿಸಿ. ಒಬ್ಬರಿಗೆ ಎರಡು ನಿಮಿಷ ಸಾಕು.

ಹಾಗೆ ಸಿಕ್ಕ ಎರಡು ಮೂರು ಮಕ್ಕಳಿಗೆ ದಿನಕ್ಕೆ ಹದಿನೈದು ನಿಮಿಷ ಬೇರೆ ಅಭ್ಯಾಸ ಬೇಕು. ಮೊದಲು ಪುಸ್ತಕವಿಲ್ಲದೆ, ಕಿವಿಯ ಆಟ. ‘ಕಪಿಲಾ’ ಎಂದರೆ ಎಷ್ಟು ಚಪ್ಪಾಳೆ? ಕ-ಪಿ-ಲಾ, ಮೂರು. ‘ನರಸೀಪುರ’ದಲ್ಲಿ ‘ಪುರ’ ತೆಗೆದರೆ ಏನುಳಿಯಿತು? ‘ಮರ’ದ ‘ಮ’ ತೆಗೆದು ‘ಸ’ ಹಾಕಿದರೆ? ಆಮೇಲೆ ಕಾಗುಣಿತ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳುವುದು ಬಾಯಿಪಾಠವಾದೀತೇ ಹೊರತು ಓದಾಗುವುದಿಲ್ಲ. ಗುಡಿಸಿನ ಗುರುತು ಎಲ್ಲಿದೆಯೋ ಅಲ್ಲೆಲ್ಲ ‘ಇ’ ಎಂಬ ಧ್ವನಿ ಬರುತ್ತದೆ: ಕಿ, ಗಿ, ಮಿ, ರಿ. ಹೀಗೆ ಅಡ್ಡಸಾಲಿನ ಬದಲು ಉದ್ದಸಾಲಿನಲ್ಲಿ ಕಲಿಸಿದರೆ ಐನೂರು ಅಕ್ಷರಗಳ ಹೊರೆ ಹದಿನೈದು ಗುರುತುಗಳಿಗಿಳಿಯುತ್ತದೆ. ಒಂದು ವಾರ ಒಂದೇ ಗುರುತು. ತಟ್ಟೆಯಲ್ಲಿ ಮರಳೋ ರಾಗಿಯೋ ಹರಡಿ, ಹೇಳುತ್ತಾ ಬರೆಯಲಿ. ರ-ಠ, ದ-ಧಗಳಂಥ ಒಂದೇ ಬಗೆಯ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ಒಂದು ಪೂರ್ತಿ ಕೈವಶವಾದ ಮೇಲೆ ಇನ್ನೊಂದು.

ಉಳಿದ ಹೊತ್ತಿನಲ್ಲಿ, ಎಲ್ಲರ ಜೊತೆ ಪಾಠ ನಡೆಯುವಾಗ, ಬೇಕಾದ್ದು ಸ್ವಲ್ಪ ಔದಾರ್ಯ. ಮಗುವನ್ನು ಮುಂದಿನ ಬೆಂಚಿಗೆ ಕರೆತನ್ನಿ. ಇದ್ದಕ್ಕಿದ್ದಂತೆ ಎಬ್ಬಿಸಿ ‘ಓದು’ ಎನ್ನಬೇಡಿ. ಓದಿಸಲೇಬೇಕೆಂದರೆ ಯಾವ ಮೂರು ಸಾಲು ಎಂದು ಹಿಂದಿನ ದಿನವೇ ಕಿವಿಯಲ್ಲಿ ಹೇಳಿಬಿಡಿ, ಮನೆಯಲ್ಲಿ ಹತ್ತು ಸಲ ಓದಿಕೊಂಡು ಬಂದು ತಲೆಯೆತ್ತಿ ಓದುತ್ತದೆ. ಸಾಲು ತಪ್ಪದಂತೆ ರಟ್ಟಿನ ಪಟ್ಟಿಯೊಂದನ್ನು ಸಾಲಿನ ಕೆಳಗಿಟ್ಟುಕೊಳ್ಳಲಿ. ಹಲಗೆಯಿಂದ ನೋಡಿ ಬರೆದುಕೊಳ್ಳುವುದು ಇಂಥ ಮಕ್ಕಳಿಗೆ ಬಹಳ ಕಷ್ಟ. ಪಕ್ಕದ ಹುಡುಗಿಯ ಪುಸ್ತಕ ಮನೆಗೊಯ್ದು ಬರೆದುಕೊಳ್ಳಲು ಬಿಡಿ, ಅಥವಾ ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆಯಿಸಿ. ಸಮಾಜ, ವಿಜ್ಞಾನದ ಉತ್ತರಗಳನ್ನು ಬಾಯಲ್ಲಿ ಕೇಳಿ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳಿದರೆ ಯಾರಿಗೂ ನಷ್ಟವಿಲ್ಲ, ಈ ಮಗುವಿಗೆ ಮಾತ್ರ ಬಹಳ ಲಾಭ. ದ್ಯುತಿಸಂಶ್ಲೇಷಣೆ ಎಂಬ ಪದದ ಕಾಗುಣಿತ ತಪ್ಪಿದ್ದರೂ ಗಿಡ ಬೆಳಕಿನಿಂದ ಆಹಾರ ತಯಾರಿಸುತ್ತದೆ ಎಂಬುದು ಗೊತ್ತಿದ್ದರೆ ಆ ಅಂಕ ಕೊಡಬೇಕು. ತಿದ್ದುವಾಗ ಪುಟವನ್ನೆಲ್ಲ ಕೆಂಪು ಮಾಡಬೇಡಿ. ಈ ವಾರ ಕಲಿಸಿದ ಗುರುತಿನ ತಪ್ಪುಗಳನ್ನಷ್ಟೇ ತಿದ್ದಿ, ಉಳಿದವು ಇರಲಿ.

ತಪ್ಪಿದ ಪದವನ್ನು ನೂರು ಸಲ ಬರೆಸುವ ಶಿಕ್ಷೆ ಇನ್ನೂ ಕೆಲವು ಕಡೆ ಇದೆ. ತಪ್ಪು ನೋಡಿಕೊಂಡು ನೂರು ಸಲ ಬರೆದ ಮಗು ತಪ್ಪನ್ನೇ ನೂರು ಸಲ ಅಭ್ಯಾಸ ಮಾಡಿರುತ್ತದೆ. ಏಟಿನ ವಿಷಯ ಹೇಳುವುದೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ದಡ್ಡ’, ‘ಕೋಣ’, ‘ನಿನಗೆ ಕುರಿ ಕಾಯುವುದೇ ಸರಿ’ ಎಂಬ ಮಾತುಗಳೂ ಮಾನಸಿಕ ಹಿಂಸೆಯೇ. ಮೇಷ್ಟ್ರು ಒಂದು ಸಲ ಅಂದದ್ದನ್ನು ಸಹಪಾಠಿಗಳು ವರ್ಷಪೂರ್ತಿ ಅನ್ನುತ್ತಾರೆ. ಶಾಲೆ ಬಿಡುವ ಮಕ್ಕಳಲ್ಲಿ ಎಷ್ಟೋ ಮಂದಿ ಬಿಡುವುದು ಪಾಠದ ಕಷ್ಟಕ್ಕಲ್ಲ, ಈ ಮಾತಿಗೆ. ಸೋಮವಾರದ ಹೊಟ್ಟೆನೋವಿನ ಮೂಲವೂ ಹೆಚ್ಚಾಗಿ ಇದೇ.

ನಲವತ್ತು ಮಕ್ಕಳು, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸ, ಇವುಗಳ ನಡುವೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಉಪಾಧ್ಯಾಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಲೆ ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಹೆಚ್ಚಿನ ಸಮಯವೇ ಬೇಡ. ಉಳಿದದ್ದಕ್ಕೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯಿದೆ. ಮುಖ್ಯೋಪಾಧ್ಯಾಯರು ಅವರನ್ನು ಕೇಳಿಕೊಳ್ಳಬಹುದು.

ಮನೆಯಲ್ಲಿ

ತಂದೆತಾಯಿಗೆ ಓದು ಬಾರದಿದ್ದರೂ ಮಾಡಬಹುದಾದ್ದು ಬೇಕಾದಷ್ಟಿದೆ. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಗೋಡೆಯ ಕ್ಯಾಲೆಂಡರು, ಮದುವೆ ಕರೆಯೋಲೆ, ಇವೆಲ್ಲ ಓದಿನ ಪುಸ್ತಕಗಳೇ. ಓದಲು ಬರುವ ಅಕ್ಕನೋ ಅಣ್ಣನೋ ಇದ್ದರೆ ರಾತ್ರಿ ಹತ್ತು ನಿಮಿಷ ಪಾಠವನ್ನು ಓದಿ ಹೇಳಲಿ, ಮಗು ಪುಸ್ತಕ ನೋಡುತ್ತಾ ಕೇಳಲಿ. ಅರ್ಧಗಂಟೆಗಿಂತ ಹೆಚ್ಚು ಕೂರಿಸಬೇಡಿ. ರಾತ್ರಿ ಹತ್ತರವರೆಗೆ ಟ್ಯೂಷನ್ನಿಗೆ ಕಳಿಸಿದರೆ ಅದೇ ಪಾಠವನ್ನು ಅದೇ ರೀತಿಯಲ್ಲಿ ಎರಡನೇ ಸಲ ಕೇಳಿಸಿಕೊಂಡು ಮಗು ಸುಸ್ತಾಗುತ್ತದೆ, ಅಷ್ಟೆ. ಈಜು, ಕಬಡ್ಡಿ, ಭಜನೆ, ಅಂಗಡಿ ಲೆಕ್ಕ, ಯಾವುದರಲ್ಲಿ ಮಗು ಗೆಲ್ಲುತ್ತದೋ ಅದನ್ನು ‘ಓದು ಮುಗಿಯುವವರೆಗೆ ಬಂದ್’ ಮಾಡಬೇಡಿ.

ಟಾನಿಕ್ಕಿನ ವಿಷಯಕ್ಕೆ ಬರೋಣ. ಯಾವ ಟಾನಿಕ್ಕೂ, ಲೇಹ್ಯವೂ ಡಿಸ್ಲೆಕ್ಸಿಯಾವನ್ನು ಗುಣಪಡಿಸುವುದಿಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಪ್ರಯೋಜನವಾಗುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ, ಮಿದುಳಿನ ಮಧ್ಯಭಾಗವನ್ನು ಎಚ್ಚರಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕೀಳುವ ಶಿಬಿರಗಳ ಬಗ್ಗೆ ಏನು ಹೇಳುವುದು! ಕಣ್ಣು ಬಿಟ್ಟುಕೊಂಡೇ ಓದಲು ಕಷ್ಟಪಡುತ್ತಿರುವ ಮಗು ಅದು.

ಎಲ್ಲಿಗೆ ಹೋಗಬೇಕು?

ಶಾಲೆಯಲ್ಲಿ ಆರು ತಿಂಗಳು ಹೀಗೆ ಕಲಿಸಿಯೂ ಮಗು ಮುಂದೆ ಬರದಿದ್ದರೆ ಪರೀಕ್ಷೆ ಮಾಡಿಸಬೇಕು. ನಮ್ಮ ಎರಡೂ ತಾಲ್ಲೂಕಿನವರ ಅದೃಷ್ಟವೆಂದರೆ, ದೇಶದ ಬೇರೆ ಬೇರೆ ಮೂಲೆಗಳಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ನಮಗೆ ಒಂದು ಬಸ್ಸಿನ ದೂರದಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಮಾತ್ರ ಅದು ಎಂದು ಹಲವರು ತಿಳಿದಿದ್ದಾರೆ. ಕಲಿಕೆಯ ತೊಂದರೆಯ ಪರೀಕ್ಷೆಯೂ ತರಬೇತಿಯೂ ಅಲ್ಲಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಈ ತೊಂದರೆಯ ಪತ್ತೆಗೆಂದೇ ಪರೀಕ್ಷಾ ಸರಣಿಯೊಂದನ್ನು ರೂಪಿಸಿದೆ.

ಕಾಯ್ದೆಯ ಬಲವೂ ಈಗ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಕಾಯ್ದೆಯಲ್ಲಿ ಪಟ್ಟಿ ಇಪ್ಪತ್ತೊಂದಕ್ಕೇರಿ, ಇದೂ ಸೇರಿತು. ಮಕ್ಕಳಲ್ಲಿ ಈ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಾಲೆಗಳ ಹೊಣೆ ಎಂದು ಅದರ 16ನೇ ಕಲಮು ಹೇಳುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಮೂರನೇ ತರಗತಿಯ ಅಥವಾ ಎಂಟು ವರ್ಷದ ಹೊತ್ತಿಗೆ ಶಾಲೆಯಲ್ಲೇ ಮೊದಲ ತಪಾಸಣೆ ನಡೆಯಬೇಕೆಂದಿತು. “ವೈಕಲ್ಯದ ಪ್ರಮಾಣಪತ್ರವೇ? ನಾಳೆ ಮದುವೆಗೆ ತೊಂದರೆಯಾಗುತ್ತದೆ” ಎಂದು, ಅದರಲ್ಲೂ ಹೆಣ್ಣುಮಕ್ಕಳ ತಂದೆತಾಯಿ ಹಿಂಜರಿಯುವುದನ್ನು ನೋಡಿದ್ದೇನೆ. ಆ ಪತ್ರವನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ. ಅದರ ಉಪಯೋಗ ಶಾಲೆಯಲ್ಲಿ, ಪರೀಕ್ಷೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಭಾಷಾ ವಿಷಯದಲ್ಲಿ ವಿನಾಯಿತಿ ಮುಂತಾದ ಸೌಲಭ್ಯಗಳು ಇದರ ಆಧಾರದ ಮೇಲೆ ಸಿಗುತ್ತವೆ. ಲೆಕ್ಕ, ವಿಜ್ಞಾನ ಬರುವ ಹುಡುಗಿ ಭಾಷೆಯೊಂದರಲ್ಲಿ ಫೇಲಾಗಿ ಮನೆಯಲ್ಲಿ ಕೂರುವುದು ಇದರಿಂದ ತಪ್ಪುತ್ತದೆ.

ಈ ಸೌಲಭ್ಯಗಳಿಗೆ ಪರೀಕ್ಷೆಗೆ ಹೆಸರು ನೋಂದಾಯಿಸುವ ಹೊತ್ತಿಗೇ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಿರಬೇಕು. ಪರೀಕ್ಷೆ ಹದಿನೈದು ದಿನ ಇದೆ ಎನ್ನುವಾಗ ಪ್ರಮಾಣಪತ್ರಕ್ಕೆ ಓಡಿದರೆ ಕೆಲಸ ಆಗುವುದಿಲ್ಲ. ಪರೀಕ್ಷಿಸುವವರು ಒಂದೇ ದಿನದಲ್ಲಿ ಮುಗಿಸುವುದೂ ಇಲ್ಲ, ಎರಡು ಮೂರು ಸಲ ಹೋಗಬೇಕಾಗಬಹುದು. ಎಂಟನೇ ತರಗತಿಯಲ್ಲೇ ಶುರುಮಾಡಿ. ಹೋಗುವಾಗ ಕಣ್ಣು, ಕಿವಿ ಪರೀಕ್ಷೆಯ ವರದಿ, ಹಿಂದಿನ ಅಂಕಪಟ್ಟಿಗಳು, ಕ್ಲಾಸ್ ಟೀಚರ್ ಬರೆದುಕೊಟ್ಟ ಒಂದು ಪತ್ರ, ಮಗುವಿನ ಕನ್ನಡ ಮತ್ತು ಇಂಗ್ಲಿಷ್ ನೋಟ್‌ಪುಸ್ತಕಗಳು ಜೊತೆಯಲ್ಲಿರಲಿ. ಡಾಕ್ಟರಿಗೆ ತೋರಿಸಲು ಚೆನ್ನಾಗಿರಲೆಂದು ಹೊಸದಾಗಿ ಬರೆಸಬೇಡಿ, ತಪ್ಪಿರುವ ಹಾಳೆಗಳನ್ನು ಹರಿಯಬೇಡಿ. ಪರೀಕ್ಷಿಸುವವರು ಮೊದಲು ನೋಡುವುದು ಆ ಹಾಳೆಗಳನ್ನೇ.